ಭರಣಿಯೊಳಗಿನ ಕಲ್ಲಿಗೊಂದು ಹೆಸರು

ತೋಟಕ್ಕೆ ಹಾಕುವ ಡೋಲೊಮೈಟ್ ಎನ್ನುವುದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು ಎಂದು ಗೊತ್ತಾದ ದಿನ ನನಗೆ ನಿಜಕ್ಕೂ ಶಾಕ್ ಆಗಿತ್ತು. ಆ ಪುಡಿಯನ್ನು ತೆಂಗಿನ ಬುಡಕ್ಕೆ ಎರಚುತ್ತಿದ್ದವಳು, ಅದು ಯಾರೋ ಫ್ರೆಂಚ್ ಜಂಟಲ್‌ಮನ್ ಎಂದು ತಿಳಿದ ಮೇಲೆ ಸ್ವಲ್ಪ ಕಾಲ ಮೆಲ್ಲಗೆ ಉದುರಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬಯೋಟೈಟ್, ಸಿಲಿಮನೈಟ್ ಎಂದೆಲ್ಲ ಖನಿಜಗಳ ಹೆಸರು ಬಾಯಿಪಾಠ ಮಾಡಿಸಿದ್ದರು. ಅವುಗಳ ಹಿಂದೆ ಕೋಟು ತೊಟ್ಟ ಗಂಡಸರು ನಿಂತಿದ್ದಾರೆಂದು ಹೇಳಿರಲಿಲ್ಲ. ಹೇಳಿದ್ದರೆ ನಾವು ಹುಡುಗಿಯರು ಇನ್ನಷ್ಟು ಗಮನ ಕೊಡುತ್ತಿದ್ದೆವೇನೋ.

ಆದರೆ ನನ್ನ ಶಾಕ್, ಅತ್ತೆಯ ಶಾಕಿನ ಮುಂದೆ ಏನೂ ಅಲ್ಲ.

ಎಪ್ಪತ್ತರ ದಶಕ. ಮದುವೆಯಾಗಿ ಮರ್ಕಂಜಕ್ಕೆ ಬಂದ ಹೊಸತು. ಗಂಡನನ್ನು ಹೆಸರು ಹಿಡಿದು ಕರೆದು ಇಡೀ ಮನೆಯನ್ನು ಬೆಚ್ಚಿಬೀಳಿಸಿದವಳು ನಾನು. ಅತ್ತೆಗೋ, ಮಾವ ಎಂದರೆ ಬರೀ 'ಇವರು'. ಮಾವನ ಹೆಸರು ಸಂಕಪ್ಪ ಎಂಬ ಒಂದೇ ಕಾರಣಕ್ಕೆ, ಅಂಗಡಿಯ ಸಂಕಪ್ಪ ಕೂಡ ಅತ್ತೆಯ ಬಾಯಲ್ಲಿ 'ಬೆಲ್ಲದವರು' ಆಗಿದ್ದರು.

ಆ ವರ್ಷ ಬಾವಿ ತೋಡುವಾಗ ನಾರುನಾರಾಗಿ ಹೊಳೆಯುವ ಬಿಳಿ ಕಲ್ಲೊಂದು ಸಿಕ್ಕಿತು. ಅತ್ತೆ ಅದನ್ನು ತೊಳೆದು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಮೇಲೇಳದಂತೆ ಭರಣಿಯೊಳಗೆ ಭಾರಕ್ಕೆ ಇಟ್ಟರು. ಕಲ್ಲುಗಳ ಸರ್ವೆಗೆಂದು ಬಂದು ಪುತ್ತೂರಿನಲ್ಲಿ ರೂಮು ಮಾಡಿದ್ದ ಒಬ್ಬ ಎಳೆಯ ಜಿಯಾಲಜಿಸ್ಟ್ ಒಂದು ದಿನ ನಮ್ಮಲ್ಲಿ ಊಟಕ್ಕೆ ಕುಳಿತಿದ್ದ. ಸೊಳೆ ತೆಗೆಯಲೆಂದು ಅತ್ತೆ ಹೊರಗಿಟ್ಟ ಕಲ್ಲನ್ನು ಕಂಡು ಅನ್ನ ಬಿಟ್ಟು ಎದ್ದ. ಇಂಥದ್ದನ್ನು ತಾನು ನೋಡಿಯೇ ಇಲ್ಲ, ಹೊಸ ಖನಿಜವೇ ಆಗಿದ್ದರೆ ಮಾವನ ಗೌರವಾರ್ಥ ಹೆಸರಿಡಬಹುದು, ಸಂಕಪ್ಪೈಟ್ ಎಂದ. ಮಾವ ಪಾಯಸ ಇನ್ನೊಮ್ಮೆ ಹಾಕಿಸಿಕೊಂಡರು.

ಅತ್ತೆಯ ಕೈಯಿಂದ ಸೌಟು ಬಿತ್ತು. ನಮ್ಮ ಕಡೆ ಕಲ್ಲಿನಲ್ಲಿ ನೆಲೆಯಾಗುವವರು ಒಂದೋ ನಾಗ, ಇಲ್ಲದಿದ್ದರೆ ಸತ್ತು ದೈವವಾದವರು. ಉಣ್ಣುತ್ತ ಕುಳಿತವರನ್ನು ಯಾರೂ ಕಲ್ಲು ಮಾಡುವುದಿಲ್ಲ.

"ಇವರು ಇನ್ನೂ ಇದ್ದಾರಲ್ಲ ಮಗಾ," ಎಂದರು ಅತ್ತೆ, ಬಿಳಿಚಿಕೊಂಡು. "ಬೇಕಾದರೆ ನಿನ್ನ ಹೆಸರು ಇಟ್ಟುಕೋ."

ಕಂಡುಹಿಡಿದವನು ತನ್ನ ಹೆಸರು ತಾನೇ ಇಡುವ ರೂಢಿಯಿಲ್ಲ ಎಂದು ಅವನು ನಾಚಿಕೊಂಡ.

"ಕಲ್ಲಿನಲ್ಲಾದರೂ ನನ್ನ ಹೆಸರು ಇರಲಿ ಮಾರಾಯ್ತಿ," ಎಂದರು ಮಾವ. "ನೀನಂತೂ ಹೇಳುದಿಲ್ಲ."

ಪರೀಕ್ಷೆಗೆಂದು ಅವನು ಒಂದು ಚೂರು ಒಡೆದುಕೊಂಡ. ಸುತ್ತಿಗೆಯ ಸದ್ದಿಗೆ ಅತ್ತೆ ಮಾವನ ತಲೆ ಮುಟ್ಟಿ ನೋಡಿದರು. ಅಂದಿನಿಂದ ಕಲ್ಲು ಭರಣಿಗೆ ಹೋಗಲಿಲ್ಲ. ಇವರನ್ನು ಉಪ್ಪುನೀರಿನಲ್ಲಿ ಮುಳುಗಿಸುದು ಹೇಗೆ ಎಂದು ನನ್ನನ್ನೇ ಕೇಳಿದರು. ಕಿಟಕಿಯ ಮೇಲೆ ಅದು ತಣ್ಣಗೆ ಕುಳಿತಿತ್ತು. ಮಾವ ಒಮ್ಮೆ ಕೆಮ್ಮಿದರೂ ಅತ್ತೆ ಮೊದಲು ನೋಡುತ್ತಿದ್ದುದು ಕಲ್ಲನ್ನು.

ಮಳೆಗಾಲ ಕಳೆದು ಜಿಯಾಲಜಿಸ್ಟ್ ಸಪ್ಪೆ ಮುಖ ಹೊತ್ತು ಬಸ್ಸಿಳಿದ. ಅದು ಬರೀ ಸಿಲಿಮನೈಟ್. ಯಾವತ್ತೋ ಅಮೆರಿಕದ ಒಬ್ಬ ಪ್ರೊಫೆಸರರ ಹೆಸರು ಇಟ್ಟಾಗಿತ್ತು. ಮಾವ ಅಂದು ಪಾಯಸ ಮುಟ್ಟಲಿಲ್ಲ. ಅತ್ತೆ ಮಾತ್ರ ನಿಟ್ಟುಸಿರು ಬಿಟ್ಟು, "ಪಾಪ, ಅವರ ಹೆಂಡತಿ ಎಷ್ಟು ಹೆದರಿದ್ದರೋ," ಎನ್ನುತ್ತ ಕಲ್ಲನ್ನು ಮತ್ತೆ ಭರಣಿಗೆ ಇಳಿಸಿದರು.

ಎಂಬತ್ತರ ದಶಕದಲ್ಲಿ ಮಾವ ತೀರಿಕೊಂಡರು. ಉತ್ತರಕ್ರಿಯೆ ಕಳೆದ ಮೇಲೆ ಒಂದು ದಿನ, ಸೊಳೆ ತೆಗೆಯಲು ಹೋದ ಅತ್ತೆ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಒದ್ದೆ ಕಲ್ಲನ್ನು ಸೆರಗಿನಿಂದ ಒರೆಸುತ್ತಿದ್ದರು.

"ಇದಕ್ಕೆ ಆ ಹುಡುಗ ಎಂತ ಹೆಸರು ಹೇಳಿದ್ದ?"

ಸಿಸ್ಟರ್ ಕಲಿಸಿದ ಉಚ್ಚಾರದಲ್ಲೇ ಸಿಲಿಮನೈಟ್ ಎಂದೆ.

"ಅದಲ್ಲ. ಮೊದಲು ಹೇಳಿದ್ದು."

ನಾನು ಬಾಯಿ ತೆರೆಯುವ ಮೊದಲೇ, ಕಲ್ಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅವರೇ ಹೇಳಿದರು: "ಸಂಕಪ್ಪೈಟ್."

ಹೊಸ ಖನಿಜದ ಹೆಸರನ್ನು ಒಪ್ಪಲು ಎಲ್ಲೋ ವಿದೇಶದಲ್ಲಿ ಒಂದು ಕಮಿಟಿ ಉಂಟಂತೆ. ನಮ್ಮ ಅಡುಗೆಮನೆಯಲ್ಲಿ ಒಂದು ಹೆಸರು ಪಾಸಾದ ಸುದ್ದಿ ಅವರಿಗೆ ಇನ್ನೂ ಮುಟ್ಟಿಲ್ಲ.