ಹರಗೋಲ ಮನೆತನದ ಒಂದು ಚೀಲ ರಕ್ತ

2022ರಲ್ಲಿ ನಾನು ರೋಣದ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷ ಗಾಜಿನ ನಳಿಕೆಗಳ ಮೇಲೆ ಜನರ ಹೆಸರು ಬರೆದು ಬರೆದು ನನಗೊಂದು ಚಟ ಅಂಟಿಕೊಂಡಿತ್ತು. ಅದು ಅಡ್ಡಹೆಸರಿನ ಚಟ. ನಮ್ಮ ಕಡೆ ಅಡ್ಡಹೆಸರಿಗೆ ಬರವಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಟ್ಟಿನ, ಗಾಣಿಗೇರ, ಕೇಳಿದಷ್ಟೂ ಇವೆ. ಬೆಲ್ಲದ ಎಂಬ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಾಗ ನಗು ತಡೆಯಲಾಗದೆ ನಾನು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖ ಹಾಕಿ ನಿಂತಿದ್ದೆ. ಈ ಚಟ ಎಂದಾದರೂ ಒಂದು ಜೀವಕ್ಕೆ ಉಪಯೋಗವಾದೀತು ಎಂದು ಅಂದುಕೊಂಡಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಒಂದು ಸೋಮವಾರ ಹೆರಿಗೆ ವಿಭಾಗದಿಂದ ಒಂದು ರಕ್ತದ ಮಾದರಿ ಬಂತು. ಚೀಟಿಯ ಮೇಲೆ ‘ರೇಣುಕಾ ಫಕ್ಕೀರಪ್ಪ ಹರಗೋಲ, ವಯಸ್ಸು 26, ಮೆಣಸಗಿ’ ಎಂದಿತ್ತು. ಮೊದಲ ಹೆರಿಗೆಗೆ ತವರಿಗೆ ಬಂದ ಹುಡುಗಿ. ಗಂಡನ ಮನೆಯ ಹೆಸರು ಇನ್ನೂ ದಾಖಲೆಗಳಿಗೆ ಏರಿರಲಿಲ್ಲ. ಹರಗೋಲ ಎಂಬ ಅಡ್ಡಹೆಸರನ್ನು ನಾನು ಬರೆದದ್ದು ಅದೇ ಮೊದಲು. ಮಲಪ್ರಭೆಯಲ್ಲಿ ಜನರನ್ನು ದಾಟಿಸುತ್ತಿದ್ದ ದುಂಡನೆಯ ಬುಟ್ಟಿದೋಣಿಗೆ ನಮ್ಮ ಕಡೆ ಹರಗೋಲ ಎನ್ನುತ್ತಾರೆ. ಇವರ ಹಿರಿಯರು ಅದನ್ನು ನಡೆಸುತ್ತಿದ್ದಿರಬೇಕು ಎಂದುಕೊಂಡೆ.

ರೇಣುಕಾಳ ಗರ್ಭಕೋಶದ ಬಾಯಿಗೆ ಕಸ, ಅಂದರೆ ಮಾಸು, ಅಡ್ಡಲಾಗಿ ಕುಳಿತಿತ್ತು. ವೈದ್ಯರು ಇದನ್ನು ಪ್ಲಾಸೆಂಟಾ ಪ್ರೀವಿಯಾ ಎನ್ನುತ್ತಾರೆ. ಸಹಜ ಹೆರಿಗೆ ಆಗದು, ಶಸ್ತ್ರಚಿಕಿತ್ಸೆಯೇ ಆಗಬೇಕು, ಆಗ ವಿಪರೀತ ರಕ್ತ ಹೋಗುವ ಸಂಭವ ಇರುತ್ತದೆ. ಅವಳ ಹಿಮೋಗ್ಲೋಬಿನ್ ಎಂಟೂ ಮುಟ್ಟಿರಲಿಲ್ಲ. ಎರಡು ವಾರದ ನಂತರದ ಒಂದು ದಿನವನ್ನು ವೈದ್ಯರು ಗೊತ್ತು ಮಾಡಿ, ರಕ್ತ ತೆಗೆದಿಡಿ ಎಂದು ಬರೆದಿದ್ದರು. ಪರೀಕ್ಷೆಯಲ್ಲಿ ಗುಂಪು ಒ ಪಾಸಿಟಿವ್ ಎಂದು ಬಂತು. ನಮ್ಮಲ್ಲಿ ಒ ಚೀಲಗಳು ಬೇಕಾದಷ್ಟಿದ್ದವು. ರೂಢಿಯಂತೆ ಅವಳ ರಕ್ತದ ಜೊತೆ ಒಂದರ ಹನಿ ಬೆರೆಸಿ ನೋಡಿದೆ. ಹಾಲು ಒಡೆದಂತೆ ಗಂಟುಗಂಟಾಯಿತು. ಎರಡನೆಯದೂ ಹಾಗೆಯೇ ಆಯಿತು. ಆರನೆಯ ಚೀಲವೂ ಗಂಟಾದಾಗ ಇದು ಒ ಗುಂಪೇ ಅಲ್ಲ ಎಂಬ ಅನುಮಾನ ಬಂತು.

ಎ, ಬಿ, ಎಬಿ, ಒ ಎಂಬ ನಾಲ್ಕು ಗುಂಪು ಎಲ್ಲರಿಗೂ ಗೊತ್ತು. ಈ ನಾಲ್ಕಕ್ಕೂ ಅಡಿಪಾಯವಾಗಿ ಎಚ್ ಎಂಬ ಅಂಶವೊಂದು ನಮ್ಮೆಲ್ಲರ ರಕ್ತಕಣಗಳ ಮೇಲೆ ಇರುತ್ತದೆ. ಅತಿ ವಿರಳವಾಗಿ ಕೆಲವರಲ್ಲಿ ಅದೂ ಇರುವುದಿಲ್ಲ. ಮೊದಲು ಮುಂಬೈಯಲ್ಲಿ ಪತ್ತೆಯಾದದ್ದರಿಂದ ಇದಕ್ಕೆ ಬಾಂಬೆ ಗುಂಪು ಎಂದು ಹೆಸರು. ಸಾಮಾನ್ಯ ಪರೀಕ್ಷೆಗೆ ಇದು ಒ ಎಂದೇ ಕಾಣುತ್ತದೆ. ಆದರೆ ಒ ರಕ್ತ ಕೊಟ್ಟರೆ ರೋಗಿ ಬದುಕುವುದು ಕಷ್ಟ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನವರೇ ರಕ್ತ ಕೊಡಬೇಕು. ಮೂರನೆಯ ದಿನ ದೊಡ್ಡ ಪ್ರಯೋಗಾಲಯದಿಂದಲೂ ಅದೇ ಉತ್ತರ ಬಂತು.

ನಗರಗಳ ವಿರಳ ದಾನಿಗಳ ಪಟ್ಟಿ ಹಿಡಿದು ಫೋನ್ ಮಾಡಿದೆವು. ಸಿಕ್ಕವರು ಇಬ್ಬರೇ. ಒಬ್ಬರು ತಿಂಗಳ ಹಿಂದಷ್ಟೇ ರಕ್ತ ಕೊಟ್ಟಿದ್ದರು, ಇನ್ನೊಬ್ಬರು ಕಾಮಾಲೆಯಿಂದ ಮಲಗಿದ್ದರು. ರೇಣುಕಾಳನ್ನು ದೊಡ್ಡ ಊರಿಗೆ ಕಳಿಸಿದರೂ ಅಲ್ಲಿಯೂ ಇದೇ ಹುಡುಕಾಟ ನಡೆಯಬೇಕಿತ್ತು. ಉಳಿದದ್ದು ಒಂದೇ ದಾರಿ. ಈ ಗುಂಪು ರಕ್ತಸಂಬಂಧದಲ್ಲಿ ಬರುವಂಥದ್ದು, ಒಳಗೊಳಗೇ ಮದುವೆಯಾಗುವ ಮನೆತನಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ರೇಣುಕಾಳ ತಂದೆ ಫಕ್ಕೀರಪ್ಪ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದರು. ಆ ಅಕ್ಕ ಈಗ ಇರಲಿಲ್ಲ. ಅವರನ್ನೂ ತಾಯಿ ಯಲ್ಲವ್ವನನ್ನೂ ಒಬ್ಬನೇ ಅಣ್ಣನನ್ನೂ ಪರೀಕ್ಷಿಸಿದೆ. ಮೂವರದೂ ಸಾಮಾನ್ಯ ರಕ್ತವೇ.

“ನಿಮಗ ಅಣ್ಣತಮ್ಮರು ಯಾರರ ಅದಾರೇನ್ರಿ?” ಎಂದು ಫಕ್ಕೀರಪ್ಪನನ್ನು ಕೇಳಿದೆ.

“ಯಾರೂ ಇಲ್ರಿ,” ಎಂದು ಅವರು ಗೋಡೆಯ ಕಡೆ ನೋಡಿದರು. ಅರವತ್ತೆರಡರ ಗಟ್ಟಿ ಆಳು, ಮಾತು ಕಡಿಮೆ.

ಆಗ ನನ್ನ ಚಟ ಕೆಲಸಕ್ಕೆ ಬಂತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸುತ್ತಲಿನ ತಾಲ್ಲೂಕುಗಳ ನಕ್ಷೆ ಗೀಚಿ, ಪರಿಚಯದ ಆಶಾ ಕಾರ್ಯಕರ್ತೆಯರಿಗೆಲ್ಲ ಫೋನ್ ಹಚ್ಚಿ, ಎಲ್ಲೆಲ್ಲಿ ಹರಗೋಲ ಎಂಬುವರಿದ್ದಾರೆ ಎಂದು ಗುರುತು ಹಾಕುತ್ತ ಹೋದೆ. ಮೆಣಸಗಿಯಲ್ಲಿ ಐದು ಮನೆ, ಹೊಳೆಮಣ್ಣೂರಿನಲ್ಲಿ ಎರಡು, ನರಗುಂದದಲ್ಲಿ ಒಂದು. ಒಟ್ಟು ಎಂಟು. ಹೊಳೆಯ ಬದಿಗೇ ಹೆಸರು, ಹೊಳೆ ದೂರವಾದಂತೆ ಹೆಸರೂ ಇಲ್ಲ. ದೋಣಿ ನಡೆಸುವವರು ಮತ್ತೆಲ್ಲಿ ಇರುತ್ತಾರೆ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆ ಮೆಚ್ಚುಗೆಯೇ ನಾಲ್ಕು ದಿನ ತಿಂದಿತು.

ನರಗುಂದದ ಮನೆ ಹುಸೇನಸಾಬ ಹರಗೋಲ ಅವರದು. ಕಬ್ಬಿಣದ ಸಾಮಾನಿನ ವ್ಯಾಪಾರಿ. ಅವರ ಮುತ್ತಜ್ಜ ಹೊಳೆ ದಾಟುವ ಬೇರೆ ಯಾವುದೋ ಕಡವಿನಲ್ಲಿ ಹರಗೋಲ ಇಟ್ಟುಕೊಂಡಿದ್ದರಂತೆ. ಇದು ರಕ್ತಸಂಬಂಧದ ಮಾತು, ನಿಮ್ಮದು ಹೊಂದಲಾರದು ಎಂದು ಫೋನಿನಲ್ಲೇ ಹೇಳಿದೆ. ಆದರೂ ಮರುದಿನ ಮುಂಜಾನೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದೇಬಿಟ್ಟರು. “ಹೊಂದ್ಲಿ ಬಿಡ್ಲಿ, ನಮ್ಮ ಹೆಸರಿನ ಹುಡುಗಿ ಅದಾಳ್ರಿ. ಕೈ ಕಟ್ಕೊಂಡ್ ಕುಂದ್ರೂದ ಹ್ಯಾಂಗ?” ಎಂದರು. ರಕ್ತ ಹೊಂದಲಿಲ್ಲ. ಮೂವರೂ ಬೇರೆ ರೋಗಿಗಳಿಗಾಗಿ ಒಂದೊಂದು ಚೀಲ ಕೊಟ್ಟು, ಹೆರಿಗೆ ವಾರ್ಡಿಗೆ ಹೋಗಿ ರೇಣುಕಾಳ ತಲೆಯ ಮೇಲೆ ಕೈಯಿಟ್ಟು ಹೊರಟರು.

ಉಳಿದ ಏಳು ಮನೆಯವರಲ್ಲೂ ಒಬ್ಬರೂ ಹೊಂದಲಿಲ್ಲ. ಶಸ್ತ್ರಚಿಕಿತ್ಸೆಗೆ ಎಂಟು ದಿನ ಉಳಿದಿದ್ದಾಗ ಯಲ್ಲವ್ವ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

“ಅಕ್ಕಾರ, ನಮ್ಮ ಮನಿಯವ್ರಿಗೆ ಒಬ್ಬ ಅಣ್ಣ ಅದಾರ್ರಿ. ಬಸಪ್ಪ ಅಂತ. ಮನಿ ಬಿಟ್ಟು ಮೂವತ್ತೈದು ವರ್ಷಾತು. ಆ ಹೆಸರ ಎತ್ತಂಗಿಲ್ರಿ ಮನ್ಯಾಗ.”

ಅವರಿಂದ ತಿಳಿದದ್ದು ಇಷ್ಟು. ಹೊಳೆಗೆ ಸೇತುವೆ ಆದಮೇಲೆ ಹರಗೋಲಕ್ಕೆ ಕೆಲಸ ಉಳಿಯಲಿಲ್ಲ. ಬೇರೆ ಕಸುಬು ಕಲಿಯೋಣ ನಡೆ ಎಂದು ಬಸಪ್ಪ ತಮ್ಮನನ್ನು ಕರೆದ. ತಮ್ಮ ಬರಲಿಲ್ಲ. ಮಾತಿಗೆ ಮಾತು ಬೆಳೆದು, ಹೊಳೆ ಬಿಟ್ಟು ಹೋಗುವವರು ಹರಗೋಲ ಎಂದು ಹೇಳಿಕೊಳ್ಳಬಾರದು ಎಂದುಬಿಟ್ಟ. ಅಣ್ಣ ಮೂರು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಮನೆದೇವರ ಜಗಲಿಯ ಮೇಲಿದ್ದ ಹಿರಿಯರ ಹುಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಡೆದ. ಹುಟ್ಟು ಎಂದರೆ ಹರಗೋಲ ತಳ್ಳುವ ಕಟ್ಟಿಗೆಯ ಕೋಲು. ಆ ಮನೆಗಳಲ್ಲಿ ಮಹಾನವಮಿಗೆ ಅದಕ್ಕೇ ಪೂಜೆ. ಗಜೇಂದ್ರಗಡದ ಕಡೆ ಹೋದರಂತೆ ಎಂಬುದನ್ನು ಬಿಟ್ಟರೆ ಯಲ್ಲವ್ವನಿಗೆ ಬೇರೇನೂ ಗೊತ್ತಿರಲಿಲ್ಲ.

ಗಜೇಂದ್ರಗಡದಲ್ಲಿ ನನಗೆ ಗೊತ್ತಿದ್ದ ಔಷಧ ಅಂಗಡಿಯವರಿಗೆ ಫೋನ್ ಮಾಡಿ, ಹರಗೋಲ ಬಸಪ್ಪ ಎಂಬುವರನ್ನು ಹುಡುಕಿಕೊಡಿ ಎಂದೆ. ಸಂಜೆ ಉತ್ತರ ಬಂತು. “ಇಲ್ಲಿ ಇರೂದು ಗುಡ್ಡಾರೀ, ಹೊಳಿ ಇಲ್ಲ. ಹರಗೋಲ ಎಲ್ಲಿಂದ ಬರಬೇಕು?” ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ.

ಅಷ್ಟರಲ್ಲಿ ಕಾರಿಡಾರಿನಿಂದ ಯಾರೋ “ಸವಡಿ ಮೇಡಂ” ಎಂದು ಕೂಗಿದರು. ಸವಡಿ ನನ್ನ ಅಡ್ಡಹೆಸರು. ಹುಟ್ಟಿದ್ದು ಬೆಳೆದದ್ದು ರೋಣದಲ್ಲಿ. ನಮ್ಮಜ್ಜ ಸವಡಿ ಎಂಬ ಊರಿನಿಂದ ಬಂದವರು. ವರ್ಷಗಳ ಹಿಂದೆ ರಕ್ತದಾನ ಶಿಬಿರಕ್ಕೆಂದು ಸವಡಿಗೆ ಹೋದಾಗ, ಇಲ್ಲಿ ಸವಡಿ ಎಂಬುವರ ಮನೆ ಎಲ್ಲಿ ಎಂದು ಬಹಳ ಅಭಿಮಾನದಿಂದ ಕೇಳಿದ್ದೆ. ಕಟ್ಟೆಯ ಮೇಲಿದ್ದ ಅಜ್ಜಿ ನಕ್ಕು, “ಇಲ್ಲಿ ಎಲ್ಲಾರೂ ಸವಡಿಯವರ ಅಲ್ಲೇನವ್ವಾ, ಯಾರನ್ನಂತ ಹಂಗ ಕರೀಬೇಕು?” ಎಂದಿದ್ದಳು.

ಊರಿನ ಹೆಸರು ಆ ಊರಲ್ಲಿ ಯಾರಿಗೂ ಅಡ್ಡಹೆಸರಾಗುವುದಿಲ್ಲ, ಬಿಟ್ಟು ಹೋದವರಿಗೇ ಅದು ಅಂಟಿಕೊಳ್ಳುತ್ತದೆ. ಮೂವತ್ತೈದು ವರ್ಷದ ಹಿಂದೆ ಮೆಣಸಗಿಯಿಂದ ಬಂದವರನ್ನು ಗಜೇಂದ್ರಗಡದ ಜನ ಏನೆಂದು ಕರೆದಿರಬೇಕು? ಸ್ವಂತ ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲೇ ಇದ್ದರೂ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ನಾನೇ ಶಾಪ ಹಾಕಿಕೊಂಡೆ. ಮರುದಿನ ಮುಂಜಾನೆ ಮೊದಲ ಬಸ್ಸು ಹತ್ತಿದೆ.

“ಮೆಣಸಗಿ ಅವರ ಮನಿ?” ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದೆ.

“ಯಾವ ಮೆಣಸಗಿ ಅವರ್ರಿ? ಮೂರು ಮನಿ ಅದಾವ.”

ಮೊದಲನೆಯವರು ಅರಿವೆ ಅಂಗಡಿಯವರು, ಎರಡನೆಯವರು ಸಾಲಿ ಮಾಸ್ತರು. ಇಬ್ಬರನ್ನೂ ನಿಮ್ಮ ಜಗಲಿಯ ಮೇಲೆ ಹುಟ್ಟು ಇದೆಯೇ ಎಂದು ಕೇಳಿದೆ. ಮಾಸ್ತರರ ಹೆಂಡತಿ ನನಗೆ ಬಿಸಿಲು ತಗುಲಿದೆ ಎಂದು ತಿಳಿದು ಒಂದು ತಂಬಿಗೆ ಮಜ್ಜಿಗೆ ಕೊಟ್ಟರು. ಮೂರನೆಯದು ಗುಡ್ಡದ ಬುಡದ ನೇಕಾರರ ಓಣಿ. ಬಾಗಿಲಲ್ಲಿ ನಿಂತಾಗಲೇ ಒಳಗೆ ಜಗಲಿಯ ಮೂಲೆಯಲ್ಲಿ ವಿಭೂತಿ ಹಚ್ಚಿದ, ಆಳೆತ್ತರದ ಕಟ್ಟಿಗೆಯ ಹುಟ್ಟು ಕಂಡಿತು.

ಎಪ್ಪತ್ತರ ಬಸಪ್ಪ ನೂಲು ಸುತ್ತುತ್ತಿದ್ದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಮಗಳು ಶಾರದಾ ಸೀರೆ ನೇಯುತ್ತಿದ್ದರು. ವಯಸ್ಸು ಮೂವತ್ತೆಂಟು. ಮದುವೆ ಮಾಡಿಕೊಂಡಿರಲಿಲ್ಲ, ತಾಯಿ ತೀರಿದ ಮೇಲೆ ಅವರ ಮಗ್ಗವೇ ಮನೆ ನಡೆಸುತ್ತಿತ್ತು. ನಾನು ಬಂದ ಕಾರಣ ಹೇಳಿದೆ.

“ಯಾರ ಮಗಳು ಅಂದ್ರಿ?” ಬಸಪ್ಪ ಕೇಳಿದರು.

“ಫಕ್ಕೀರಪ್ಪನವರ ಮಗಳು.”

ಅವರ ಕೈಯೊಳಗಿನ ನೂಲು ನಿಂತಿತು. “ಆ ಹೆಸರು ಹೇಳ್ಕೋಬ್ಯಾಡ ಅಂದಿದ್ದ. ಅವತ್ತಿಂದ ನಾನೂ ಎಲ್ಲೂ ಬರಸಿಲ್ರಿ. ಈಗ ನನ್ನ ರಕ್ತ ಹ್ಯಾಂಗ ನಡೀತೈತಿ ಅವನಿಗೆ?”

ಮಗ್ಗದ ಸಪ್ಪಳವೂ ನಿಂತಿತು. ಶಾರದಾ ಕುಣಿಯಿಂದ ಮೇಲೆದ್ದು ಬಂದು ತಂದೆಯ ಪಕ್ಕದಲ್ಲಿ ಕುಳಿತರು.

“ಅಪ್ಪಾ, ಆಕಿ ನಮ್ಮ ಕಾಕಾನ ಮಗಳು. ನನಗ ತಂಗಿ. ನೀವು ನಿಮ್ಮ ತಮ್ಮನ ಕೂಡ ಸಿಟ್ಟು ಮಾಡ್ಕೋರಿ. ನಾ ನನ್ನ ತಂಗಿಗೆ ಕೊಡ್ತೇನಿ.” ಸೆರಗು ಸರಿಸಿ ನನ್ನ ಕಡೆ ಕೈ ಚಾಚಿದರು.

ನೂಲು ಕೆಳಗಿಟ್ಟು ಬಸಪ್ಪನವರೂ ಅಂಗಿಯ ತೋಳು ಮಡಚಿದರು.

ಇಬ್ಬರದೂ ಬಾಂಬೆ ಗುಂಪು. ಆ ಸಂಜೆ ಲ್ಯಾಬಿನಲ್ಲಿ ನಾನು ಒಬ್ಬಳೇ ಅತ್ತೆ. ಆದರೆ ಬಸಪ್ಪನವರ ವಯಸ್ಸು ರಕ್ತದಾನದ ಮಿತಿ ದಾಟಿತ್ತು. ಶಾರದಾ ಅವರ ಹಿಮೋಗ್ಲೋಬಿನ್ 12.1 ಇತ್ತು, ಬೇಕಾದದ್ದು ಕನಿಷ್ಠ ಹನ್ನೆರಡೂವರೆ. ಕಬ್ಬಿಣದ ಮಾತ್ರೆ ಕೊಟ್ಟು, ದಿನಾಲೂ ಸೊಪ್ಪಿನ ಪಲ್ಲೆ, ಶೇಂಗಾ, ಬೆಲ್ಲ ತಿನ್ನಿ ಎಂದೆ. ದಿನಕ್ಕೆರಡು ಸಲ ಫೋನ್ ಮಾಡಿ ಊಟ ವಿಚಾರಿಸುತ್ತಿದ್ದೆ. “ಅಕ್ಕಾರ, ಇನ್ನ ಮೆಂತೆಪಲ್ಲೆ ತಿಂದ್ರ ನಾನ ಹಸರ ಆಗ್ತೇನಿ,” ಎಂದು ಶಾರದಾ ನಗುತ್ತಿದ್ದರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ತಂದೆಯೊಂದಿಗೆ ರೋಣಕ್ಕೆ ಬಂದರು. ಯಂತ್ರ 12.6 ತೋರಿಸಿತು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ, ಮತ್ತೆ 12.6.

ಹೊರಗಿನ ಬೆಂಚಿನ ಮೇಲೆ ಫಕ್ಕೀರಪ್ಪ ಕುಳಿತಿದ್ದರು. ಅಣ್ಣನನ್ನು ಕಂಡು ಎದ್ದು ನಿಂತರು. ಕ್ಷಮೆ, ಅಳು, ಅಪ್ಪಿಕೊಳ್ಳುವುದು ಏನೂ ಆಗಲಿಲ್ಲ. ಫಕ್ಕೀರಪ್ಪ ಹೆಗಲ ಮೇಲಿನ ವಲ್ಲಿ ಬಟ್ಟೆಯಿಂದ ಬೆಂಚಿನ ಧೂಳು ಒರೆಸಿ, “ಕುಂದರಣ್ಣ, ಬಿಸಲಾಗ ಬಂದಿ,” ಎಂದರು. ಬಸಪ್ಪ ಕುಳಿತರು.

ದಾನಿಯ ಅರ್ಜಿ ತುಂಬುತ್ತ ನಾನು ‘ಶಾರದಾ ಬಸಪ್ಪ ಮೆಣಸಗಿ’ ಎಂದು ಬರೆದೆ. ಬಾಗಿಲಲ್ಲಿ ನಿಂತಿದ್ದ ಫಕ್ಕೀರಪ್ಪ ತಡವರಿಸುತ್ತ, “ಬಾಯರ, ಹರಗೋಲ ಅಂತ ಬರೀರಿ. ಆ ಹೆಸರು ಕಸಗೊಂಡಾಂವ ನಾನ,” ಎಂದರು.

“ಗುರುತಿನ ಚೀಟಿಯೊಳಗ ಇದ್ದದ್ದನ್ನ ಬರೀಬೇಕ್ರಿ,” ಎಂದೆ. ನಿಯಮ ನಿಯಮವೇ. ಅವರ ಮುಖ ಬಾಡಿತು. ಅದರ ಕೆಳಗಿನ ಸಾಲು ‘ರೋಗಿಗೆ ದಾನಿಯ ಸಂಬಂಧ’. ನಾನು ಪೆನ್ನು ಎತ್ತಿ ಹಿಡಿದು, “ಇದಕ್ಕೇನ ಚೀಟಿ ಬೇಕಾಗಿಲ್ಲ. ನೀವ ಹೇಳ್ರಿ, ಏನ್ ಬರೀಲಿ?” ಎಂದೆ.

“ಅಕ್ಕ,” ಎಂದರು ಫಕ್ಕೀರಪ್ಪ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಹೆಗಲು ಕುಲುಕಿಸಿ ಅತ್ತರು.

ಮರುದಿನ ಮಧ್ಯಾಹ್ನ ಶಸ್ತ್ರಚಿಕಿತ್ಸೆಯಲ್ಲಿ ಅಂಜಿದಂತೆಯೇ ರಕ್ತ ಹೋಯಿತು. ಆ ಒಂದು ಚೀಲ ಕೊನೆಯ ಹನಿಯವರೆಗೆ ಬೇಕಾಯಿತು. ರೇಣುಕಾ ಉಳಿದಳು. ಹೆಣ್ಣುಮಗು ಎರಡೂಕಾಲು ಕಿಲೋ ಇತ್ತು, ಅಳು ಮಾತ್ರ ನಾಲ್ಕು ಕಿಲೋದ್ದು. ಸುದ್ದಿ ಕೇಳಿ ನರಗುಂದದಿಂದ ಹುಸೇನಸಾಬರು ಕರದಂಟಿನ ಡಬ್ಬಿ ಕಳಿಸಿದರು.

ರಕ್ತನಿಧಿಗೆ ಹೊಸದಾಗಿ ಸೇರಿದವರಿಗೆ ನಾನು ಆಮೇಲೆ ಒಂದು ಮಾತು ಹೇಳಿಕೊಡುತ್ತಿದ್ದೆ. ದಾನಿ ಸಿಗದಿದ್ದಾಗ ಹೆಸರು ಕೇಳಿ ಸುಮ್ಮನಾಗಬೇಡಿ. ಮನೆ ಬಿಟ್ಟು ಹೋದವರು ಯಾರಿದ್ದಾರೆ, ಯಾಕೆ ಹೋದರು, ಈಗ ಅವರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ. ಅದನ್ನು ಗಂಡಸರನ್ನಲ್ಲ, ಹೆಂಗಸರನ್ನು ಕೇಳಿ. ಯಲ್ಲವ್ವ ಬಾಗಿಲಿಗೆ ಬಂದು ನಿಲ್ಲದಿದ್ದರೆ ನನ್ನ ನಕ್ಷೆಯಿಂದ ಏನೂ ಆಗುತ್ತಿರಲಿಲ್ಲ.

ನನ್ನ ನಿವೃತ್ತಿಯ ತಿಂಗಳಲ್ಲಿ ಶಾರದಾ ಅವರಿಗೆ ಗರ್ಭಕೋಶದ ಗಡ್ಡೆಯ ಶಸ್ತ್ರಚಿಕಿತ್ಸೆ ಗೊತ್ತಾಯಿತು. ವಿರಳ ದಾನಿಗಳ ಪಟ್ಟಿ ತೆಗೆಯಲೆಂದು ಮುಂಜಾನೆ ಬೇಗ ಬಂದು ಲ್ಯಾಬಿನ ಬೀಗ ತೆಗೆಯಲು ಹೋದೆ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ರೇಣುಕಾ ಅದೇ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಇನ್ನೂ ಅವಳಿಗೆ ಫೋನ್ ಮಾಡಿರಲಿಲ್ಲ.

“ಹದಿಮೂರು ಐತ್ರಿ, ನೋಡಿಸ್ಕೊಂಡ ಬಂದೇನಿ,” ಎಂದು ತೋಳು ಮಡಚಿದಳು. “ಮೊದಲ ಆ ಸಾಲು ತುಂಬ್ರಿ ಅಕ್ಕಾರ. ತಂಗಿ ಅಂತ.”