ನಡುಹೊಳೆಯಲ್ಲಿ ಮೂರು ಸಲ ನಿಂತ ಇಂಜಿನ್

ನನ್ನ ಮೊಮ್ಮಗಳಿಗೆ ಈಗ ಮೂರು ವರ್ಷ. ಅವಳ ವಿಷಯ ಬರೆಯಲು ಕೂತರೆ ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆರೆಯುವವಳು ಅವಳೇ. ಪ್ರತಿಯೊಂದು ಕೋಳಿಗೂ ಹೆಸರಿಟ್ಟಿದ್ದಾಳೆ, ಆ ಹೆಸರನ್ನು ದಿನಾ ಬದಲಿಸುತ್ತಾಳೆ, ನಾನು ನಿನ್ನೆಯ ಹೆಸರು ಹೇಳಿ ಕರೆದರೆ ಬೈಯುತ್ತಾಳೆ. ಬೈಸಿಕೊಳ್ಳಲೆಂದೇ ನಾನು ಹಳೆಯ ಹೆಸರು ಹೇಳುವುದುಂಟು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ನನ್ನ ತಾಯಿಗೆ ನಾನೊಬ್ಬಳೇ ಹೆಣ್ಣು, ನನಗೂ ಮಗಳೊಬ್ಬಳೇ. ಆದ್ದರಿಂದ ಇವಳು ಹುಟ್ಟಿದಾಗ ನಮಗಾದ ಸಂತೋಷಕ್ಕೆ ಅಳತೆ ಇಟ್ಟುಕೊಂಡವರು ಯಾರೂ ಇಲ್ಲ.

ಅವಳು ಹುಟ್ಟಿದ ದಿನದ ಕಥೆಯನ್ನು ನನ್ನಣ್ಣ ಬಂದವರಿಗೆಲ್ಲ ಹೇಳುತ್ತಾನೆ. ಅವನ ಕಥೆಯಲ್ಲಿ ದೋಣಿಯ ಇಂಜಿನಿನ ನಾಝಲ್ ಹಾಳಾಗಿತ್ತು. ಅದು ಸುಳ್ಳು. ನಿಜ ಗೊತ್ತಿರುವುದು ಅವನಿಗೆ, ನನಗೆ ಮತ್ತು ಆ ದಿನ ದೋಣಿಯಲ್ಲಿದ್ದ ನನ್ನ ಮಗಳಿಗೆ ಮಾತ್ರ. ನಾನು ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಇದನ್ನೊಂದು ಬರೆಯಲಿಕ್ಕಾದರೂ ಉಪಯೋಗಕ್ಕೆ ಬರಲಿ.

ನಮ್ಮ ಮನೆ ಇರುವುದು ಪಾಣೆಮಂಗಳೂರಿನಿಂದ ಸ್ವಲ್ಪ ಕೆಳಗೆ, ಒಂದು ಕುದ್ರುವಿನಲ್ಲಿ. ಎರಡೂ ಕಡೆ ನೇತ್ರಾವತಿ, ನಡುವೆ ನಾಲ್ಕು ಮನೆ, ಒಂದಷ್ಟು ತೆಂಗು, ಬಸಳೆ ಚಪ್ಪರ. ಬೇಸಿಗೆಯಲ್ಲಿ ಮರಳಿನ ಮೇಲೆ ನಡೆದೇ ಪೇಟೆಗೆ ಹೋಗುತ್ತೇವೆ. ಹೊಳೆ ತುಂಬಿದ ಮೇಲೆ ಅಣ್ಣನ ದೋಣಿಯೇ ಗತಿ. ಹಿಂದೆ ಮರಳು ಸಾಗಿಸುತ್ತಿದ್ದ ದೋಣಿ ಅದು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಸಣ್ಣ ಡೀಸೆಲ್ ಇಂಜಿನ್. ಟ್ಯಾಂಕ್ ಇಂಜಿನಿಗಿಂತ ಮೇಲೆ ಉಂಟು. ಅಲ್ಲಿಂದ ಡೀಸೆಲ್ ಪೈಪಿನಲ್ಲಿ ತನ್ನಷ್ಟಕ್ಕೇ ಇಳಿದು ಫಿಲ್ಟರಿಗೆ ಬರುತ್ತದೆ, ಫಿಲ್ಟರಿನಿಂದ ಪಂಪಿಗೆ, ಪಂಪಿನಿಂದ ಇಂಜಿನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲಿಗೆ. ಅಣ್ಣ ರಿಪೇರಿ ಮಾಡುವಾಗ ಪಾನಾ ಹಿಡಿದು ನಿಂತು ನಿಂತು ಇಷ್ಟು ನನಗೂ ಗೊತ್ತು.

ಮಗಳು ಹೆರಿಗೆಗೆ ಮನೆಗೆ ಬಂದಿದ್ದಳು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಎರಡು ವಾರ ಇತ್ತು. ಮುಂದಿನ ವಾರ ಅವಳನ್ನು ಮಾಣಿಯಲ್ಲಿರುವ ನಮ್ಮವರ ಅಕ್ಕನ ಮನೆಗೆ ಕಳುಹಿಸುವುದೆಂದು ನಿಶ್ಚಯವಾಗಿತ್ತು, ಅಲ್ಲಾದರೆ ಬಾಗಿಲಿಗೇ ಆಟೋ ಬರುತ್ತದೆ. ಆದರೂ ನನಗೆ ಒಳಗೊಳಗೆ ಹೆದರಿಕೆ. ಅಣ್ಣನಿಂದ ಟ್ಯಾಂಕ್ ತುಂಬಿಸಿಟ್ಟೆ. ಸಂಜೆ ಮೋಡ ಕಟ್ಟಿದ್ದು ನೋಡಿ, ಡೀಸೆಲಿಗೆ ಮಳೆನೀರು ಇಳಿದರೆ ಏನು ಗತಿ ಎಂದು, ಅವನು ಮನೆಗೆ ಹೋದ ಮೇಲೆ ಮುಚ್ಚಳದ ಮೇಲೊಂದು ಪ್ಲಾಸ್ಟಿಕ್ ಕಟ್ಟಿ ಬಂದೆ.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಮಗಳು ಅಡುಗೆಮನೆಯ ಬಾಗಿಲು ಹಿಡಿದು ನಿಂತಳು. "ಅಮ್ಮ, ಇದು ಹೊಟ್ಟೆನೋವು ಅಲ್ಲ ಅಂತ ಕಾಣ್ತದೆ."

ನಮ್ಮವರು ಹಿಂದಿನ ದಿನ ಪಾಣೆಮಂಗಳೂರಿನ ಹೋಟೆಲಿಗೆ ಕೆಲಸಕ್ಕೆ ಹೋದವರು ರಾತ್ರಿ ಅಲ್ಲಿಯೇ ಉಳಿದಿದ್ದರು. ಫೋನ್ ಮಾಡಿದೆ. ಆಟೋ ಹಿಡಿದುಕೊಂಡು ಆಚೆ ದಡದ ಕಡವಿನಲ್ಲಿ ನಿಲ್ಲುತ್ತೇನೆ ಎಂದರು. ಅಳಿಯನಿಗೂ ತಿಳಿಸಿದೆವು. ಅವನು ಮೂಡಬಿದ್ರೆಯಿಂದ ಬಸ್ಸು ಹತ್ತಬೇಕು. ಅಣ್ಣ ಹ್ಯಾಂಡಲಿನ ಎರಡೇ ಸುತ್ತಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದ. ಮಗಳನ್ನು ಚಾಪೆಯ ಮೇಲೆ ಕೂರಿಸಿ ಬೆನ್ನಿಗೆ ತಲೆದಿಂಬು ಕೊಟ್ಟು ನಾನು ಟ್ಯಾಂಕಿನ ಪಕ್ಕ ಕೂತೆ. ಕಡವಿಗೆ ನೀರಿಗೆದುರಾಗಿ ಇಪ್ಪತ್ತು ನಿಮಿಷದ ದಾರಿ.

ಅರ್ಧ ಹೊಳೆ ದಾಟುವಾಗ ಇಂಜಿನಿನ ಸದ್ದು ತೆಳುವಾಯಿತು. ಎರಡು ಸಲ ಕೆಮ್ಮಿತು. ನಿಂತಿತು.

ಇಂಜಿನ್ ನಿಂತ ಮೇಲೆ ಹೊಳೆಯ ಸದ್ದು ಎಷ್ಟು ದೊಡ್ಡದೆಂದು ಗೊತ್ತಾಗುವುದು. ದೋಣಿ ಅಡ್ಡ ತಿರುಗಿ ಕೆಳಗೆ ಸಾಗಿತು. ಮೊದಲ ನೆರೆಗೆ ಬಂದ ದೊಡ್ಡ ಮರವೊಂದು ನಡುಹೊಳೆಯ ಪಾದೆಕಲ್ಲಿಗೆ ಸಿಕ್ಕಿಕೊಂಡು ಬಿದ್ದಿತ್ತು. ಅದರ ಕೊಂಬೆಗಳ ನಡುವೆ ದೋಣಿ ಹೋಗಿ ಕೂತಿತು. ಎಡಕ್ಕೆ ಕೊಂಬೆ, ಬಲಕ್ಕೆ ಕಲ್ಲು, ಹಿಂದಿನಿಂದ ನೀರಿನ ಒತ್ತಡ. ಬಿಡಿಸಿಕೊಳ್ಳಲು ಬಿದಿರಿನ ಜಲ್ಲೆಯಿಂದ ಒತ್ತಬಹುದು, ಆದರೆ ಇಂಜಿನ್ ಇಲ್ಲದೆ ಮರವನ್ನು ಬಿಟ್ಟರೆ ಮುಂದೆ ಹಿಡಿಯಲಿಕ್ಕೆ ಏನೂ ಇಲ್ಲ. ಎದುರಿಗೆ ಕಡವು ಕಾಣುತ್ತದೆ. ಕಡವಿನಲ್ಲಿ ಆಟೋ ಕಾಣುತ್ತದೆ. ಆಟೋದ ಪಕ್ಕ ಕೊಡೆ ಬೀಸುತ್ತಿರುವ ನಮ್ಮವರೂ ಕಾಣುತ್ತಾರೆ. ಇಷ್ಟೆಲ್ಲ ಕಂಡೂ ಹೋಗಲಿಕ್ಕಾಗದೆ ಕೂರುವುದು ಹೇಗಿರುತ್ತದೆಂದು ಹೇಳಿ ಮುಗಿಸಲಿಕ್ಕಾಗುವುದಿಲ್ಲ.

ಫೋನ್ ಬಂತು. "ಎಂತ ಆಯ್ತು? ಯಾಕೆ ಮರದ ಹತ್ತಿರ ಹೋದದ್ದು?"

"ನೆರಳಿಗೆ," ಎಂದ ಅಣ್ಣ ನನ್ನ ಕೈಯಿಂದ ಫೋನ್ ಕಿತ್ತುಕೊಂಡು. "ಬಾವ, ಬೇರೆ ದೋಣಿ ಯಾರದ್ದಾದ್ರೂ ಉಂಟಾ ನೋಡಿ. ಫಯರ್‌ನವರಿಗೂ ಒಂದು ಫೋನ್ ಮಾಡಿ."

ಆಮೇಲೆ ಅವನು ಪಾನಾ ತೆಗೆದುಕೊಂಡು ಇಂಜಿನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಟ್ಯಾಂಕಿಗೆ ಬೆರಳಿನಿಂದ ಬಡಿದ. ತುಂಬಿದ ಸದ್ದು ಬಂತು. ಹಾಗಾದರೆ ಡೀಸೆಲ್ ಉಂಟು. ಪಂಪಿನ ಮೇಲಿನ ಸ್ಕ್ರೂ ಸಡಿಲ ಮಾಡಿದ. ಪೈಪಿನಲ್ಲಿ ಗಾಳಿ ಸೇರಿದ್ದರೆ ಅಲ್ಲಿ ಗುಳ್ಳೆ ಗುಳ್ಳೆಯಾಗಿ ಬರಬೇಕು, ಗುಳ್ಳೆ ಮುಗಿದ ಮೇಲೆ ಡೀಸೆಲ್ ಧಾರೆಯಾಗಿ ಬರಬೇಕು. ಗುಳ್ಳೆಯೂ ಬರಲಿಲ್ಲ, ಧಾರೆಯೂ ಬರಲಿಲ್ಲ. ಎರಡು ತೊಟ್ಟು ಬಿತ್ತು, ಅಷ್ಟೆ. ಫಿಲ್ಟರ್ ಬಿಚ್ಚಿದ. ಹೊಸ ಫಿಲ್ಟರ್, ಕಸ ಇರಲಿಲ್ಲ.

"ಇಂಜಿನನ್ನು ಯಾರಾದರೂ ಮುಟ್ಟಿದ್ದಾರಾ?" ಎಂದು ಕೇಳಿದ.

"ಯಾರು ಮುಟ್ಟುತ್ತಾರೆ ಅದನ್ನು," ಎಂದೆ ನಾನು. ಸುಳ್ಳು ಹೇಳಿದ್ದಲ್ಲ. ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿದ್ದು ಇಂಜಿನ್ ಮುಟ್ಟಿದ ಲೆಕ್ಕವೆಂದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಅವನು ಪೈಪಿನ ತುದಿ ಬಿಚ್ಚಿ ಬಾಯಿಗಿಟ್ಟು ಜೋರಾಗಿ ಊದಿದ. ಟ್ಯಾಂಕಿನೊಳಗೆ ಗುಳುಗುಳು ಎಂದಿತು. ಬಾಯಿ ತೆಗೆದ ಕೂಡಲೇ ಡೀಸೆಲ್ ಧಾರೆಯಾಗಿ ಇಳಿಯಿತು, ಅರ್ಧ ಅವನ ಅಂಗಿಗೆ. "ಕಸ ಇತ್ತು ಪೈಪಿನಲ್ಲಿ," ಎಂದು ಉಗುಳಿ, ಜೋಡಿಸಿ, ಹ್ಯಾಂಡಲ್ ತಿರುಗಿಸಿದ. ಇಂಜಿನ್ ಬಂತು. ಜಲ್ಲೆ ಒತ್ತಿ ಮರದಿಂದ ಬಿಡಿಸಿಕೊಂಡೆವು. ನಾನು ಮನೆದೈವಕ್ಕೆ ಒಂದು ತಂಬಿಲದ ಪೂಜೆಯ ಹರಕೆ ಹೇಳಿಕೊಂಡೆ.

ಏಳೆಂಟು ನಿಮಿಷ ಓಡಿತು. ಮತ್ತೆ ಸದ್ದು ತೆಳುವಾಯಿತು, ಕೆಮ್ಮಿತು, ನಿಂತಿತು. ದೋಣಿ ಅಡ್ಡ ತಿರುಗಿ, ಬಂದ ದಾರಿಯಲ್ಲೇ ಇಳಿದು, ಅದೇ ಮರದ ಅದೇ ಕೊಂಬೆಗಳ ನಡುವೆ ಹೋಗಿ ಕೂತಿತು.

ಮಗಳಿಗೆ ಆಗ ನೋವು ಸ್ವಲ್ಪ ಬಿಟ್ಟಿತ್ತು. "ಮಾವ," ಎಂದಳು, "ಈ ಮರಕ್ಕೆ ಒಂದು ಬಾಗಿಲು ಇಡಿಸಿ. ಇಲ್ಲಿಯೇ ಇರುವ."

"ನೀನು ಸುಮ್ಮನಿರು. ನಿನ್ನ ಮಗುವಿಗೆ ಹೇಳು, ಮಾವ ಒಂದು ಗಂಟೆ ಟೈಮ್ ಕೇಳ್ತಾನೆ ಅಂತ."

"ಅದು ನನ್ನ ಮಾತು ಕೇಳುವ ಜಾತಿ ಅಲ್ಲ. ನಿಮ್ಮ ತಂಗಿಯ ಮೊಮ್ಮಗು."

ಅಣ್ಣ ನಗಲಿಲ್ಲ. ಈ ಸಲ ಟ್ಯಾಂಕಿನಲ್ಲೇ ಕಸ ಉಂಟು ಎಂದ. ದೋಣಿ ಗುಡಿಸುವ ಹಿಡಿಸೂಡಿಯಿಂದ ಕಡ್ಡಿಯೊಂದನ್ನು ಮುರಿದು ಪೈಪಿನೊಳಗೆ ತೂರಿಸಿದ, ಎಳೆದ, ನೋಡಿದ. ಏನೂ ಇಲ್ಲ. ಮತ್ತೆ ಊದಿದ. ಅಷ್ಟರಲ್ಲಿ ನಮ್ಮವರ ಫೋನ್. ಫಯರ್‌ನವರು ಬರುತ್ತಾರಂತೆ, ಆದರೆ ಇನ್ನೊಂದು ಕಡೆ ಹೋದವರು ಅಲ್ಲಿಂದ ತಿರುಗಿ ಬರಬೇಕಂತೆ. "ಆಟೋದವನು ಕೇಳ್ತಾನೆ, ನಿಮ್ಮವರು ಯಾಕೆ ಹೋಗ್ತಾರೆ, ಯಾಕೆ ಬರ್ತಾರೆ ಅಂತ. ನಾನೆಂತ ಹೇಳಲಿ?"

"ಹರಕೆ ಅಂತ ಹೇಳಿ," ಎಂದು ಅಣ್ಣ ಫೋನ್ ಇಟ್ಟ. ಅವನ ಬೆರಳಿನ ಗಂಟುಗಳಲ್ಲಿ ರಕ್ತ ಒಸರುತ್ತಿತ್ತು. ಮಗಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತ ಬಿಡುವ ಮತ್ತು ಮತ್ತೆ ಹಿಡಿಯುವ ನಡುವಿನ ಹೊತ್ತು ಚಿಕ್ಕದಾಗುತ್ತಾ ಬಂದಿತ್ತು. ಹೆತ್ತವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮಗು ಇಲ್ಲಿಯೇ, ಈ ಎಣ್ಣೆ ಮೆತ್ತಿದ ಹಲಗೆಯ ಮೇಲೆಯೇ ಬರುತ್ತದೋ ಏನೋ ಎಂದು ನಾನು ಸೀರೆಯ ಸೆರಗಿನಲ್ಲಿ ಸ್ವಚ್ಛವಾದ ಭಾಗ ಯಾವುದೆಂದು ಹುಡುಕುತ್ತಿದ್ದೆ.

ಆಗ ನನ್ನ ಕಣ್ಣು ಮುಚ್ಚಳದ ಪ್ಲಾಸ್ಟಿಕ್ಕಿನ ಮೇಲೆ ಬಿತ್ತು. ಅಣ್ಣ ಪೈಪಿನಲ್ಲಿ ಊದಿದಾಗ ಅದು ಪೂರಿಯ ಹಾಗೆ ಉಬ್ಬಿತು.

ಮೂರನೇ ಸಲ ಇಂಜಿನ್ ಬಂತು, ಮರ ಬಿಟ್ಟೆವು. ಈ ಸಲ ನಾನು ದಡ ನೋಡಲಿಲ್ಲ, ಹೊಳೆ ನೋಡಲಿಲ್ಲ, ಪ್ಲಾಸ್ಟಿಕ್ ಒಂದನ್ನೇ ನೋಡುತ್ತಾ ಕೂತೆ. ಉಬ್ಬಿದ್ದು ಮೆಲ್ಲಗೆ ಇಳಿಯಿತು. ಸಪಾಟಾಯಿತು. ಆಮೇಲೆ ನಡುವಿನಲ್ಲಿ ಹಲ್ಲಿಲ್ಲದವರ ಕೆನ್ನೆಯ ಹಾಗೆ ಒಳಗೆ ಎಳೆದುಕೊಂಡಿತು. ಸರಿಯಾಗಿ ಆಗಲೇ ಇಂಜಿನ್ ಕೆಮ್ಮಿತು, ನಿಂತಿತು.

ಅಡುಗೆಮನೆಯಲ್ಲಿ ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಬರುವುದಿಲ್ಲ. ಗಾಳಿ ಹೋಗಲಿಕ್ಕೆ ಎದುರು ಮೂಲೆಯಲ್ಲಿ ಇನ್ನೊಂದು ತೂತು ಬೇಕು. ಇದನ್ನು ನಾನು ನನ್ನ ಮಗಳಿಗೆ ಹೇಳಿಕೊಟ್ಟವಳು. ಟ್ಯಾಂಕಿನ ಮುಚ್ಚಳದ ನಡುವೆಯೂ ಸೂಜಿಮೊನೆಯಷ್ಟು ತೂತು ಇರುತ್ತದೆ. ನಾನು ಕಟ್ಟಿದ್ದು ಸುಮ್ಮನೆ ಪ್ಲಾಸ್ಟಿಕ್ ಆಗಿದ್ದರೆ ಎಲ್ಲಿಂದಾದರೂ ಗಾಳಿ ನುಗ್ಗುತ್ತಿತ್ತು. ಆದರೆ ನಾನು ಮಾಣಿಯ ಕಡೆಯ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವಳು. ಮಳೆಗಾಲದ ಮುಂಚೆ ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ ಉಡಿಸಿ, ಅದರ ಅಂಚಿಗೆ ಟಾರಿನಂತಹ ಕಪ್ಪು ಅಂಟು ಬಳಿದು, ಹಾಲು ಬೀಳುವ ಚಿಪ್ಪಿಗೆ ಒಂದು ಹನಿ ಮಳೆನೀರು ಇಳಿಯದ ಹಾಗೆ ಮಾಡುವುದು ನನ್ನ ಕೆಲಸ. ನಾನು ಕಟ್ಟಿದ ಮರ ಸೋರುವುದಿಲ್ಲವೆಂದು ತೋಟದ ಯಜಮಾನರು ನಾಲ್ಕು ಜನರೆದುರು ಹೇಳಿದ್ದರು. ಹಿಂದಿನ ಸಂಜೆ ಉಳಿದ ಪ್ಲಾಸ್ಟಿಕ್ ಮತ್ತು ಅಂಟಿನಿಂದ ಟ್ಯಾಂಕಿಗೂ ಅದೇ ಲಂಗ ಉಡಿಸಿದ್ದೆ. ಎರಡು ಸುತ್ತು ಬಳಿದಿದ್ದೆ, ಮಗಳ ವಿಷಯವಲ್ಲವೇ ಎಂದು.

ದೋಣಿ ಮರದ ಕಡೆ ಇಳಿಯುತ್ತಿತ್ತು. ಅಣ್ಣ ಮತ್ತೆ ಪಾನಾ ಎತ್ತಿಕೊಂಡು, ಇನ್ನು ನಾಝಲೇ ಬಿಚ್ಚಬೇಕು ಎಂದು ಗೊಣಗುತ್ತಿದ್ದ. ಅದನ್ನು ಬಿಚ್ಚಿದರೆ ಜೋಡಿಸಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಆದರೆ ಹೇಳಬೇಕಾದದ್ದು ಅವನಿಗೇ. ಡೀಸೆಲ್ ಕುಡಿದವನು ಅವನು, ಬೆರಳು ಜಜ್ಜಿಕೊಂಡವನು ಅವನು. ಮಗಳು ನನ್ನ ಮಣಿಕಟ್ಟನ್ನು ಹಿಂಡಿದಳು.

"ಅಣ್ಣ," ಎಂದೆ. "ಇಂಜಿನ್ ಹಾಳಾಗಲಿಲ್ಲ. ನಾನು ಅದರ ಮೂಗು ಕಟ್ಟಿದ್ದೇನೆ."

ಅವನು ನನ್ನ ಮುಖ ನೋಡಿದ, ಪ್ಲಾಸ್ಟಿಕ್ ನೋಡಿದ. ನಾನು ಎರಡೂ ಕೈಯ ಉಗುರು ಹಾಕಿ ಅದನ್ನು ಹರಿದೆ. ಟ್ಯಾಂಕ್ ಸುಯ್ ಎಂದು ಉಸಿರು ಎಳೆದುಕೊಂಡಿತು, ಮಲಗಿದ ಎಮ್ಮೆ ಎದ್ದ ಹಾಗೆ. ಅಣ್ಣ ಪಂಪಿನ ಸ್ಕ್ರೂ ಸಡಿಲ ಮಾಡಿದ, ಗುಳ್ಳೆ ಬಂತು, ಗುಳ್ಳೆಯ ಹಿಂದೆ ಧಾರೆ. ಅವನು ಸ್ಕ್ರೂ ಬಿಗಿದು ಹ್ಯಾಂಡಲ್ ತಿರುಗಿಸಿದ.

ಮರದ ಎದುರಿಗೆ ಬಂದಾಗ ಇಂಜಿನ್ ಹಿಡಿಯಿತು. ಮೇಲೆ ಹೋದೆವು. ಮೊದಲು ನಿಂತಿದ್ದ ಜಾಗ ದಾಟಿತು. ಎರಡನೇ ಸಲ ನಿಂತಿದ್ದ ಜಾಗವೂ ದಾಟಿತು. ಆಗ ಅಣ್ಣ ಬಾಯಿ ತೆರೆದ, ನನ್ನ ಕಡೆ ನೋಡದೆ.

"ನಿನ್ನನ್ನು ಹೇಳಿ ಪ್ರಯೋಜನ ಇಲ್ಲ. ಹೊಗಳಿದ ಆ ಯಜಮಾನರನ್ನು ಹೇಳಬೇಕು."

ನಾನು ಹರಿದ ಪ್ಲಾಸ್ಟಿಕ್ಕನ್ನು ಮುದ್ದೆ ಮಾಡಿ ಚಾಪೆಯ ಅಡಿಗೆ ತೂರಿಸಿದೆ.

"ನಾಳೆ ನಾನು ಮಲಗಿರುವಾಗ ಮಳೆ ಬಂದರೆ ನನ್ನ ಮೂಗಿಗೆ ಕಟ್ಟಬೇಡ ಮಾರಾಯ್ತಿ."

ಕಡವಿನಲ್ಲಿ ನಮ್ಮವರು ಮೊಣಕಾಲು ನೀರಿಗೆ ಇಳಿದು ನಿಂತಿದ್ದರು. "ಎಂತ ಆದದ್ದು?" ಎಂದರು. ನಾನು ಹೇಳಬೇಕೆಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಣ್ಣ "ನಾಝಲ್" ಎಂದು, ಮಗಳನ್ನು ಎತ್ತಿ ಅವರ ಕೈಗೆ ಕೊಟ್ಟ. ಅಂದಿನಿಂದ ಅದು ನಾಝಲ್.

ಬಂಟ್ವಾಳದ ಆಸ್ಪತ್ರೆಗೆ ಮುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ. ಒಳಗಿನಿಂದ ಅಳು ಕೇಳಿತು. ಸಣ್ಣ ಅಳುವಲ್ಲ, ಯಾರೋ ಅವಳ ವಸ್ತು ಕದ್ದ ಹಾಗೆ. ನರ್ಸ್ ಹೊರಗೆ ಬಂದು ಹೆಣ್ಣು ಎಂದಳು. ಅಣ್ಣ ಗೋಡೆಯ ಕಡೆ ತಿರುಗಿ ಕಣ್ಣಿಗೆ ಡೀಸೆಲ್ ಹೋಯಿತು ಎಂದು ಉಜ್ಜಿಕೊಂಡ. ನಾನು ಎರಡೂ ಕೈ ಚಾಚಿದೆ.

ನರ್ಸ್ ಹಿಂದೆ ಸರಿದಳು. "ಎಂತ ಅಜ್ಜಿ ಇದು ಕೈಯಲ್ಲಿ?"

ನನ್ನ ಹತ್ತು ಬೆರಳೂ ಕಪ್ಪು. ಆ ಅಂಟು ಸಾಬೂನಿಗೆ ಹೋಗುವುದಿಲ್ಲ. ನಲ್ಲಿಯ ಬಳಿ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು, ಅಂಟು ಹಾಗೆಯೇ ಇತ್ತು. ಡೀಸೆಲ್ ಹಾಕಿದರೆ ಮಾತ್ರ ಬಿಡುತ್ತದೆ. ಅಣ್ಣ ತನ್ನ ಅಂಗಿಯನ್ನು ಬಿಚ್ಚಿ ಕೊಟ್ಟ, ಒದ್ದೆಯಾಗಿದ್ದ ಬದಿ ಹೊರಗೆ ಮಾಡಿ. ಅದರಲ್ಲಿ ಒಂದೊಂದೇ ಬೆರಳು ಒರೆಸಿದೆ. ಆಮೇಲೆ ಡೀಸೆಲ್ ವಾಸನೆ ಹೋಗಲಿಕ್ಕೆ ನರ್ಸ್ ಮೂರು ಸಲ ಸಾಬೂನು ಹಾಕಿಸಿದಳು. ನನ್ನ ಮೊಮ್ಮಗಳನ್ನು ಮೊದಲು ಎತ್ತಿಕೊಂಡವರು ಅವಳ ಅಜ್ಜ. ಎರಡನೆಯವನು ಬನಿಯನ್ನಿನಲ್ಲಿದ್ದ ಅವಳ ಮಾವಜ್ಜ. ನನ್ನ ಸರದಿ ಬಂದಾಗ ಅವಳು ಮೂಗು ಸುಕ್ಕು ಮಾಡಿದಳು, ಇನ್ನೂ ವಾಸನೆ ಇತ್ತೋ ಏನೋ, ಆದರೆ ಅಳಲಿಲ್ಲ.

ದೋಣಿಯ ಟ್ಯಾಂಕಿನ ಮುಚ್ಚಳದ ಸುತ್ತ ಆ ಕಪ್ಪು ಅಂಟು ಉಂಗುರದ ಹಾಗೆ ಈಗಲೂ ಉಂಟು. ಒಂದು ಚಿಂದಿಗೆ ಡೀಸೆಲ್ ಹಚ್ಚಿ ಒರೆಸಿದರೆ ಹೋಗುತ್ತದೆ. ಅಣ್ಣ ಒರೆಸುವುದಿಲ್ಲ, ನನಗೂ ಒರೆಸಲು ಬಿಡುವುದಿಲ್ಲ. ಮೊಮ್ಮಗಳು ದೋಣಿ ಹತ್ತಿದ ಕೂಡಲೇ ಅದರ ಮೇಲೆ ಬೆರಳು ಆಡಿಸಿ ಇದೆಂತದು ಎಂದು ಕೇಳುತ್ತಾಳೆ.

"ನಿನ್ನ ಅಜ್ಜಿ ಇಟ್ಟ ಬೊಟ್ಟು," ಎನ್ನುತ್ತಾನೆ ಅವನು, ನನ್ನ ಕಡೆ ನೋಡದೆ.