ಹಿಟ್ಟು ಆರಿಸಿದ ಬೈಕು

ಸೂರತ್‌ನ ಅಡಾಜಣ್ ಇನ್ನೂ ಮುಸುಕೆಳೆದು ಮಲಗಿದೆ. ದೀಪಾವಳಿ ಕಳೆದ ಮೇಲೆ ಬರುವ ತೆಳು ಮಂಜು ಅಪಾರ್ಟ್‌ಮೆಂಟುಗಳ ಕಾಂಪೌಂಡಿನೊಳಗೂ ನುಸುಳಿದೆ. ಕೆಳಗಿನ ಪಾರ್ಕಿಂಗ್‌ನಲ್ಲಿ ಬಣ್ಣ ಮಾಸಿದ ಕೆಂಪು ಬೈಕೊಂದು ನಿಂತಿದೆ. ಅದರ ಎರಡೂ ಬದಿಗೆ ಹಾಲಿನವರು ತೂಗುಹಾಕುವಂಥ ಕ್ಯಾನ್‌ಗಳು. ಒಳಗಿರುವುದು ಮಾತ್ರ ಹಾಲಲ್ಲ. ರುಕ್ಮಿಣಿ ಬಗ್ಗಿ, ಒಂದು ಮುಚ್ಚಳಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾರೆ. ಒಳಗೆ ಇಡ್ಲಿ ಹಿಟ್ಟು ಉಬ್ಬಿ ಬಂದಿದೆ, ಪುಟ್ಟ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿವೆ.

"ಎದ್ದಿದೆ," ಎಂದು ಪಿಸುಗುಡುತ್ತಾರೆ. "ಬೊಬ್ಬೆ ಹಾಕ್ಬೇಡಿ. ಈಗ ಅಲ್ಲಾಡಿಸಿದ್ರೆ ಅದಕ್ಕೆ ಸಿಟ್ಟು ಬರ್ತದೆ."

ಬೊಬ್ಬೆ ಹಾಕಲು ಅಲ್ಲಿ ಇರುವವರಾದರೂ ಯಾರು? ವಾಚ್‌ಮನ್ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾನೆ. ಮಗಳು ಶ್ರುತಿ ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿದ್ದಾಳೆ. ಬೈಕಿನ ಮುಂದೆ ಅಂಟಿಸಿದ ಕೆಂಪು 'ಎಲ್' ಅಕ್ಷರ, ಇದನ್ನು ಓಡಿಸುವವರು ಇನ್ನೂ ಕಲಿಯುತ್ತಿದ್ದಾರೆ ಎಂದು ಊರಿಗೆಲ್ಲ ಸಾರುತ್ತಿದೆ. ರುಕ್ಮಿಣಿಗೆ ಐವತ್ತರ ಹತ್ತಿರ. ತುಂಬಿದ ಕ್ಯಾನ್‌ಗಳೊಂದಿಗೆ ಒಬ್ಬರೇ ತಾಪಿ ಸೇತುವೆ ದಾಟಿ ವರಾಛಾಕ್ಕೆ ಹೋಗುತ್ತಿರುವುದು ಇವತ್ತೇ ಮೊದಲು.

ವರಾಛಾದಲ್ಲಿ ಲಕ್ಷ್ಮೀನಾರಾಯಣರ ಉಡುಪಿ ಹೋಟೆಲಿದೆ. ವಜ್ರ ಉಜ್ಜುವ ಕಾರ್ಖಾನೆಗಳಿಗೆ ಹೋಗುವವರು ಅಲ್ಲಿ ನಿಂತುಕೊಂಡೇ ಇಡ್ಲಿ ತಿಂದು ಕೆಲಸಕ್ಕೆ ಓಡುತ್ತಾರೆ. ಅಡುಗೆಮನೆ ಎಷ್ಟು ಇಕ್ಕಟ್ಟು ಎಂದರೆ ಗ್ರೈಂಡರ್ ಇಟ್ಟರೆ ಅಡುಗೆಯ ಭಟ್ಟರು ಬಾಗಿಲಾಚೆ ನಿಲ್ಲಬೇಕು. ಹಾಗಾಗಿ ಇಷ್ಟು ವರ್ಷವೂ ಹಿಟ್ಟು ರುಕ್ಮಿಣಿಯ ಮನೆಯಲ್ಲೇ ರುಬ್ಬಿಸಿಕೊಂಡು, ಅಲ್ಲೇ ಹುಳಿ ಬಂದು, ಬೆಳಕು ಹರಿಯುವ ಮುಂಚೆ ಆಟೊ ಹತ್ತಿ ನದಿ ದಾಟುತ್ತಿತ್ತು. ಆ ಆಟೊದ ಮುದುಕ ರಸ್ತೆಯ ಹಂಪುಗಳನ್ನೆಲ್ಲ ಹೆಸರು ಹಿಡಿದು ಕರೆಯುವಷ್ಟು ಬಲ್ಲವನು. ಕಳೆದ ಮಳೆಗಾಲದಲ್ಲಿ ಅವನು ಆಟೊ ಮಾರಿ ಊರು ಸೇರಿದ. ಹೊಸಬರು ಹಂಪು ಕಂಡರೆ ಹಾರಿಸುತ್ತಾರೆ. ಉಬ್ಬಿದ ಹಿಟ್ಟು ಕುಲುಕಿದರೆ ಗಾಳಿ ಬಿಟ್ಟು ಕೆಳಗೆ ಕೂತುಬಿಡುತ್ತದೆ, ಕೂತ ಹಿಟ್ಟಿನ ಇಡ್ಲಿಯನ್ನು ಗೋಡೆಗೆ ಎಸೆದರೆ ಪುಟಿದು ವಾಪಸು ಬರುತ್ತದೆ.

ಲಕ್ಷ್ಮೀನಾರಾಯಣರು ಕೆಟ್ಟವರಲ್ಲ. ಆದರೆ ಗಿರಾಕಿಗಳು ಇಡ್ಲಿ ಬಿಟ್ಟು ಕಡಲೆಹಿಟ್ಟಿನ ಫಾಫಡಾ ಕಡೆ ಮುಖ ಮಾಡಿದರೆ ಅವರಾದರೂ ಏನು ಮಾಡಿಯಾರು? "ಹಬ್ಬ ಕಳೆಯುವವರೆಗೆ ನೋಡ್ತೇನೆ ರುಕ್ಮಿಣಿಯಕ್ಕ," ಎಂದರು. "ಆಮೇಲೂ ಹೀಗೇ ಆದ್ರೆ ಪ್ಯಾಕೆಟ್ ಹಿಟ್ಟು ತರಿಸ್ಬೇಕಾಗ್ತದೆ. ಬೇಜಾರು ಮಾಡ್ಬೇಡಿ."

ಬೇಜಾರು ಮಾಡದೆ ಇರುವುದು ಹೇಗೆ? ಕಾಪುವಿನ ಕಡಲ ತಡಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ರುಕ್ಮಿಣಿಗೆ ಇಲ್ಲಿಯ ಭಾಷೆ ಬರುತ್ತಿರಲಿಲ್ಲ, ರಸ್ತೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಿಟ್ಟೊಂದೇ. ಬೇಸಗೆಯಲ್ಲಿ ಎಷ್ಟು ನೀರು, ಚಳಿಯಲ್ಲಿ ಎಷ್ಟು ಉದ್ದು, ಎಲ್ಲ ಕೈಗೇ ತಿಳಿಯುತ್ತದೆ. ದಿನಕ್ಕೆ ಎಷ್ಟು ಇಡ್ಲಿಯಾಗುತ್ತದೆ ಎಂದು ಕೇಳಿದರೆ ನಗುತ್ತಾರೆ. "ಲೆಕ್ಕ ಹಾಕ್ಲಿಕ್ಕೆ ಹೋಗ್ಬಾರ್ದು. ಹಾಕಿದ್ರೆ ಆಮೇಲೆ ರಟ್ಟೆ ನೋಯ್ಲಿಕ್ಕೆ ಶುರುವಾಗ್ತದೆ." ಗಂಡ ಶರತ್ ವಡೋದರಾದ ಮಂಜಲ್‌ಪುರದಲ್ಲಿ ಹೋಟೆಲೊಂದರ ಅಡುಗೆಯವರು, ವಾರದ ರಜೆಗೆ ರೈಲು ಹತ್ತಿ ಬಂದು ಹೋಗುತ್ತಾರೆ. ಮನೆಯನ್ನು ಇಷ್ಟು ವರ್ಷ ಎತ್ತಿ ನಿಲ್ಲಿಸಿದ್ದರಲ್ಲಿ ಈ ಕ್ಯಾನ್‌ಗಳ ಪಾಲೂ ಇದೆ.

ಬೈಕು ಮೊದಲು ಬಂದದ್ದು ಕನಸಿನಲ್ಲಿ. "ನಾನು ಓಡಿಸ್ತಾ ಇದ್ದೆ. ಸದ್ದೇ ಇಲ್ಲ. ಸೇತುವೆಯೂ ಇಲ್ಲ, ಸೀದಾ ನೀರಿನ ಮೇಲೆ. ಹಿಟ್ಟು ಒಂಚೂರೂ ಅಲುಗ್ತಿಲ್ಲ," ಎನ್ನುವಾಗ ರುಕ್ಮಿಣಿಯ ದನಿ ಈಗಲೂ ಆ ನೀರಿನ ಮೇಲೇ ಇದ್ದಂತಿದೆ. ಎಚ್ಚರವಾದಾಗ ಕೆಳಗೆ ಹಾಲು ಹಾಕುವ ಜೀವಣಭಾಯಿಯ ಬೈಕಿನ ಸದ್ದು. ಎರಡು ಕಡೆ ಕ್ಯಾನು ತೂಗಿಸಿಕೊಂಡು ಅವರು ತೇಲಿದಂತೆ ಗೇಟು ದಾಟಿ ಒಳಗೆ ಬಂದರು. ಅವತ್ತು ಹಾಲು ತರಲು ಇಳಿದ ರುಕ್ಮಿಣಿ ಹಾಲು ಮರೆತು ಬೈಕನ್ನೇ ನೋಡುತ್ತಾ ನಿಂತುಬಿಟ್ಟರು.

ಮನೆಯಲ್ಲಿ ವಿಷಯ ಎತ್ತಿದ್ದೇ ತಡ, ಶ್ರುತಿ ಕಣ್ಣರಳಿಸಿದಳು. ಸೂರತ್‌ನಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡದಲ್ಲಿ ಮೂರು ಭಾಷೆ ಒಟ್ಟಿಗೆ ಪ್ರಯಾಣ ಮಾಡುತ್ತವೆ. "ಅಮ್ಮ, ಬೈಕ್ ಶಾ ಮಾಟೆ, ಯಾಕೆ ಬೇಕು? ಗೇರ್ ಎಲ್ಲ ಟೆನ್ಶನ್. ನನ್ನ ಸ್ಕೂಟಿ ತಗೊಂಡು ಹೋಗು ನಾ." ಶರತ್ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಬಿದ್ರೆ ಎಂತ ಮಾಡ್ತಿ ಮಾರಾಯ್ತಿ?"

"ಏಳ್ತೇನೆ," ಎಂದರು ರುಕ್ಮಿಣಿ.

ಕಲಿಸಲು ಜೀವಣಭಾಯಿ ಒಪ್ಪಿಕೊಂಡರು. ಹಾಲು ಹಂಚಿ ಮುಗಿದ ಮೇಲೆ, ನದಿ ದಂಡೆಯ ಖಾಲಿ ರಸ್ತೆಯಲ್ಲಿ, ತಮ್ಮದೇ ಬೈಕಿನ ಮೇಲೆ ಪಾಠ. "ಧೀಮೇ ಬೆನ್, ಧೀಮೇ," ನಿಧಾನ ಅಕ್ಕಾ ನಿಧಾನ, ಎನ್ನುತ್ತಾ ಪಕ್ಕದಲ್ಲಿ ಓಡುವುದೇ ಅವರ ಬೋಧನೆ. ಕ್ಲಚ್ಚು ಬಿಟ್ಟಾಗಲೆಲ್ಲ ಬೈಕು ಕುಪ್ಪಳಿಸಿ ಸಾಯುತ್ತಿತ್ತು. ವಾಕಿಂಗ್ ಬಂದ ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ನಿಂತು ನೋಡಿದರು, ಕೊನೆಗೆ ಬಿದ್ದಾಗ ಎತ್ತಲು ಬಂದರು.

ಇನ್ನು ಯಾವ ಬೈಕು ಕೊಳ್ಳುವುದು? ಈ ವಿಷಯದಲ್ಲಿ ಸಲಹೆ ಕೊಡದವರು ಅಡಾಜಣ್‌ನಲ್ಲಿ ಯಾರೂ ಉಳಿಯಲಿಲ್ಲ. ಮೈಲೇಜು ನೋಡಿ ಎಂದರು, ಮರುಮಾರಾಟ ನೋಡಿ ಎಂದರು. ರುಕ್ಮಿಣಿ ಎಲ್ಲರಿಗೂ ತಲೆದೂಗಿ, ತಮ್ಮದೇ ದಾರಿ ಹಿಡಿದರು. ಉಬ್ಬಿದ ಹಿಟ್ಟಿನ ಡಬ್ಬಿಯೊಂದನ್ನು ಜೊತೆಗೆ ಕಟ್ಟಿಕೊಂಡು ಓಡಿಸಿ ನೋಡುವುದು, ಇಳಿದು ಮುಚ್ಚಳ ತೆಗೆಯುವುದು. ಹಿಟ್ಟು ಕೂತಿದ್ದರೆ, ಮೊದಲು ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಡಬ್ಬಿಯ ಒಳಮೈಗೆ ಬಿಳಿ ಗೆರೆ ಉಳಿದಿರುತ್ತದೆ. ಗೆರೆ ಕಂಡರೆ ಆ ಗಾಡಿ ಬೇಡ.

ಮಗಳ ಮನಸ್ಸು ನೋಯಬಾರದೆಂದು ಮೊದಲು ಸ್ಕೂಟಿಯನ್ನೇ ನೋಡಿದರು. ಪುಟ್ಟ ಚಕ್ರಗಳು ಪ್ರತಿ ಗುಂಡಿಯನ್ನೂ ಮುಟ್ಟಿ ಮಾತಾಡಿಸಿದವು. ಹಂಪಿನಲ್ಲಿ ಮುಚ್ಚಳ ಎದ್ದು ಕಾಲಿಡುವ ಜಾಗವೆಲ್ಲ ಹಿಟ್ಟು. ವಾರವಿಡೀ ಹುಳಿ ವಾಸನೆ ಹೊತ್ತು ಆಫೀಸಿಗೆ ಹೋದ ಶ್ರುತಿ ಸ್ಕೂಟಿಯ ಹೆಸರೆತ್ತುವುದನ್ನು ಬಿಟ್ಟಳು. ಆಮೇಲೆ ಶೋರೂಮು. ಅಲ್ಲಿಯ ಹುಡುಗ ಮುಂದಕ್ಕೆ ಬಾಗಿದ ಮಿರಿಮಿರಿ ಬೈಕು ತೋರಿಸಿದ. ರುಕ್ಮಿಣಿ ಹತ್ತಿ ಕೂತರೆ ನೆಲಕ್ಕೆ ತಾಗಿದ್ದು ಕಾಲಿನ ಹೆಬ್ಬೆರಳು ಮಾತ್ರ. ಜೀವಣಭಾಯಿ ಓಡಿಸಿಕೊಂಡು ಬಂದು ನಿಲ್ಲಿಸಿದರು, ರುಕ್ಮಿಣಿ ಡಬ್ಬಿ ತೆರೆದರು. ಒಳಗೆ ಅಚ್ಚುಕಟ್ಟಾದ ಬಿಳಿ ಗೆರೆ.

"ಗಾಡಿ ಚಂದ ಉಂಟು ಮಗಾ," ಎಂದು ಆ ಹುಡುಗನನ್ನು ಸಮಾಧಾನ ಮಾಡಿದರು. "ನಮ್ಮ ಹಿಟ್ಟಿಗೆ ಇಷ್ಟ ಆಗ್ಲಿಲ್ಲ, ಅಷ್ಟೇ."

ಕೊನೆಗೆ ಸಿಕ್ಕಿದ್ದು ಈ ಕೆಂಪು ಬೈಕು. ಜೀವಣಭಾಯಿಯ ಭಾವ ಹಾಲಿನ ವ್ಯಾಪಾರ ಬಿಟ್ಟು, ಶೆಡ್ಡಿನಲ್ಲಿ ನಿಲ್ಲಿಸಿದ್ದ ಹಳೆಯ ಸಣ್ಣ ಬೈಕು. ದೊಡ್ಡ ಚಕ್ರ, ಉದ್ದನೆ ಸೀಟು, ಟ್ಯಾಂಕಿನ ಮೇಲೊಂದು ತಗ್ಗು. ಸೀಟಿನ ಸ್ಪಂಜು ಕೂತು ಕೂತು ತಗ್ಗಿದ್ದರಿಂದ ರುಕ್ಮಿಣಿಯ ಎರಡೂ ಪಾದ ನೆಲದ ಮೇಲೆ ಪೂರ್ತಿಯಾಗಿ ಊರಿದವು. ಮೆಕ್ಯಾನಿಕ್ ಬ್ರೇಕು, ಟೈರು ಹೊಸದು ಹಾಕಿ, ಹಿಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿಕೊಟ್ಟ. ಊರೆಲ್ಲ ಸುತ್ತಿ ಬಂದು ಡಬ್ಬಿ ತೆರೆದಾಗ ಹಿಟ್ಟು ಹೊರಟಾಗ ಇದ್ದಂತೆಯೇ ಗುಮ್ಮಟವಾಗಿ ನಿಂತಿತ್ತು.

ಎಲ್ಲ ಸರಿಹೋಯಿತೆಂದುಕೊಳ್ಳುವಷ್ಟರಲ್ಲಿ ಒಂದು ಎಡವಟ್ಟೂ ಆಯಿತು. ಕ್ಯಾನು ಅರ್ಧ ತುಂಬಿದರೆ ಒಳಗಿನದು ತುಳುಕಿ ಬೈಕು ಓಲಾಡುತ್ತದೆ, ಕಂಠಮಟ್ಟ ತುಂಬಿಸಬೇಕು ಎಂದು ಜೀವಣಭಾಯಿ ಹೇಳಿಕೊಟ್ಟಿದ್ದರು. ಗುರು ಹೇಳಿದ್ದನ್ನು ಮೀರುವುದುಂಟೆ? ಇಡೀ ಆಯಸ್ಸು ಹಿಟ್ಟಿನ ಜೊತೆ ಕಳೆದ ರುಕ್ಮಿಣಿ ಹೊಸದಾಗಿ ರುಬ್ಬಿದ ಹಿಟ್ಟನ್ನು ರಾತ್ರಿಯೇ ಬೈಕಿನ ಕ್ಯಾನ್‌ಗಳಿಗೆ ಕಂಠಮಟ್ಟ ತುಂಬಿಸಿಟ್ಟರು. ಬೆಳಗ್ಗೆ ನೋಡಿದರೆ ಮುಚ್ಚಳ ಒಂದು ಕಡೆ, ಹಿಟ್ಟು ಪಾರ್ಕಿಂಗಿನ ಉದ್ದಕ್ಕೂ, ಸುತ್ತ ಪಾರಿವಾಳಗಳ ಸಭೆ. "ಹಾಲು ಉಬ್ಬುದಿಲ್ಲ, ಹಿಟ್ಟು ಉಬ್ತದೆ. ಇಷ್ಟು ನನಗೆ ಗೊತ್ತಿರ್ಲಿಲ್ವಾ? ಬೈಕು ಕಲಿಯುವ ಅಮಲಲ್ಲಿ ಎಲ್ಲ ಮರ್ತು ಹೋಗಿತ್ತು," ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಇವತ್ತು ಕ್ಯಾನ್‌ಗಳಲ್ಲಿ ಅಳತೆ ಸರಿಯಾಗಿದೆ. ಹಬ್ಬ ಕಳೆದಿದೆ, ಲಕ್ಷ್ಮೀನಾರಾಯಣರ ಗಡುವೂ ಮುಗಿದಿದೆ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿ, ರುಕ್ಮಿಣಿ ಹೊರಡುತ್ತಾರೆ. ಶ್ರುತಿ ಸ್ಕೂಟಿಯಲ್ಲಿ ಹಿಂದೆ. ಹತ್ತಿರ ಬರಬಾರದು, ಹಾರ್ನ್ ಹೊಡೆಯಬಾರದು ಎಂದು ಕಟ್ಟಪ್ಪಣೆಯಾಗಿದೆ.

ಸೇತುವೆಯ ನಡುವೆ, ತರಕಾರಿ ಗಾಡಿಯೊಂದು ಮಂಜಿನೊಳಗಿಂದ ದಿಢೀರನೆ ಅಡ್ಡ ಬರುತ್ತದೆ. ರುಕ್ಮಿಣಿ ಬ್ರೇಕು ಹಿಡಿಯುತ್ತಾರೆ, ಕ್ಲಚ್ಚು ಹಿಡಿಯಲು ಮರೆಯುತ್ತಾರೆ. ಎಂಜಿನ್ ಒಮ್ಮೆ ನಡುಗಿ ಆರಿಹೋಗುತ್ತದೆ. ಕ್ಯಾನ್‌ಗಳ ಭಾರಕ್ಕೆ ಬೈಕು ಎಡಕ್ಕೆ ವಾಲುತ್ತದೆ. ಹಿಂದೆ ಶ್ರುತಿ ಸ್ಕೂಟಿಗೆ ಬ್ರೇಕು ಹಾಕುತ್ತಾಳೆ. ಆದರೆ ರುಕ್ಮಿಣಿಯ ಪಾದಗಳು ಆಗಲೇ ನೆಲಕ್ಕೆ ಊರಿವೆ, ಎರಡೂ, ಹಿಮ್ಮಡಿ ಸಮೇತ. ಬೈಕು ನಿಲ್ಲುತ್ತದೆ.

ತಳ್ಳಿಕೊಂಡು ಅಂಚಿಗೆ ಬಂದು, ಉಸಿರು ಬಿಟ್ಟು, ತಲೆಯೆತ್ತುತ್ತಾರೆ. ಕೆಳಗೆ ತಾಪಿ. ಮಂಜು ನೀರಿನಿಂದಲೇ ಏಳುತ್ತಿದೆ, ಆಚೆ ದಡದ ದೀಪಗಳು ಒಂದೊಂದಾಗಿ ಆರುತ್ತಿವೆ, ಬೆಳಕು ಇನ್ನೂ ಯಾವ ಬಣ್ಣವೆಂದು ತೀರ್ಮಾನಿಸಿಲ್ಲ. ಇಷ್ಟು ವರ್ಷ ಇದೇ ಸೇತುವೆಯನ್ನು ದಾಟಿದ್ದು ಆಟೊದೊಳಗೆ, ಎರಡೂ ಅಂಗೈ ಮುಚ್ಚಳದ ಮೇಲೆ ಒತ್ತಿಕೊಂಡು, ಮುಚ್ಚಳವನ್ನೇ ನೋಡುತ್ತಾ.

"ನದಿ ಹೀಗುಂಟು ಅಂತ ಗೊತ್ತೇ ಇರ್ಲಿಲ್ಲ," ಎನ್ನುತ್ತಾರೆ ಆಮೇಲೆ. "ನೋಡಿ, ಇದು ಹೋಗಿ ಸೇರುದು ನಮ್ಮದೇ ಸಮುದ್ರಕ್ಕೆ. ಕಾಪುವಿನಲ್ಲಿ ನಾನು ಕಾಲು ಅದ್ದಿದ ಅದೇ ಸಮುದ್ರ. ನಂಗೆ ಸ್ವಲ್ಪ ಅಳು ಬಂತು. ಹೆಲ್ಮೆಟ್ ಇತ್ತಲ್ಲ, ಯಾರಿಗೂ ಕಾಣ್ಲಿಲ್ಲ."

ಕ್ಲಚ್ಚು ಹಿಡಿದು, ಗೇರು ಇಳಿಸಿ, ಮತ್ತೆ ಸ್ಟಾರ್ಟ್ ಮಾಡಿ, ಧೀಮೇ ಬೆನ್, ಧೀಮೇ ಎಂದು ತಮಗೆ ತಾವೇ ಹೇಳಿಕೊಂಡು ಹೊರಡುತ್ತಾರೆ.

ವರಾಛಾದ ಹೋಟೆಲಿನ ಮುಂದೆ ಲಕ್ಷ್ಮೀನಾರಾಯಣರು ಬಾಗಿಲಲ್ಲೇ ಕಾಯುತ್ತಿದ್ದಾರೆ. ಮುಚ್ಚಳ ತೆಗೆದು, ಬಗ್ಗಿ, ಕ್ಯಾನಿನ ಒಳಮೈಯನ್ನು ಸುತ್ತಲೂ ನೋಡುತ್ತಾರೆ. ಗೆರೆಯಿಲ್ಲ. ಇನ್ನೊಂದರಲ್ಲೂ ಇಲ್ಲ. ಒಳಗೆ ತಿರುಗಿ ಕೂಗುತ್ತಾರೆ: "ಭಟ್ರೇ, ಆ ಪ್ಯಾಕೆಟಿನವ ಬಂದ್ರೆ ಬೇಡ ಹೇಳಿ ಕಳ್ಸಿ."

ಮೊದಲ ತಟ್ಟೆ ಇಡ್ಲಿ ರುಕ್ಮಿಣಿಗೇ ಬರುತ್ತದೆ. ಫುಟ್‌ಪಾತ್ ಮೇಲೆ, ಬೈಕಿಗೆ ಒರಗಿ, ತಾಯಿ ಮಗಳು ಒಂದೇ ತಟ್ಟೆಯಿಂದ ತಿನ್ನುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ರುಕ್ಮಿಣಿ ಆ ಕೆಂಪು 'ಎಲ್' ಅನ್ನು ಬೆರಳಿನಿಂದ ಸವರುತ್ತಾರೆ. ಇದು ಇರುವವರೆಗೆ ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಳ್ಳುವಂತಿಲ್ಲ.

"ಪಕ್ಕಾ ಲೈಸೆನ್ಸ್ ಬರ್ಲಿ. ಒಂದು ದಿನ ರಜೆ ಮಾಡಿ, ಈ ಕ್ಯಾನ್ ಎರಡನ್ನೂ ಬಿಚ್ಚಿಟ್ಟು, ಇವಳನ್ನು ಕೂರಿಸ್ಕೊಂಡು ಡುಮಸ್‌ಗೆ ಹೋಗ್ಬೇಕು. ಸಮುದ್ರ ತೋರಿಸ್ಬೇಕು."

ಶ್ರುತಿಗೆ ನಗು. "ಅಮ್ಮ, ಡುಮಸ್ ತೋ ನಾನು ಕಿತನೀ ಬಾರ್ ನೋಡಿದ್ದೀನಿ. ಫ್ರೆಂಡ್ಸ್ ಜೊತೆ."

ರುಕ್ಮಿಣಿ ಚಟ್ನಿಯ ಕೈಯನ್ನು ಒರೆಸಿಕೊಂಡು ಹೆಲ್ಮೆಟ್ ಎತ್ತಿಕೊಳ್ಳುತ್ತಾರೆ.

"ನೀನು ನೋಡಿದ್ದಿ ಮಗಾ. ನಾನು ಕರ್ಕೊಂಡು ಹೋದದ್ದಲ್ಲ."